ಮನೆಗೊಂದು ಕೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಕಟ್ಟಿದ ಪುಣ್ಯಾತ್ಮ ಊರಿನೋರನ್ನೆಲ್ಲ ಸೇರಿಸ್ಕಂಡು ಒಂದು ಸ್ಕೂಲು ಕಟ್ಟಿರ್ಲಿಲ್ಲ ಅಂತ ಕಾಣ್ತೈತೆ. ಕಟ್ಟಿದ್ದಿದ್ರೆ ಗಾದೆ ಇನ್ನೊಂದು ಮಾರು ಉದ್ದ ಆಗ್ತಿತ್ತು. ನಾನು ಹಿರಿಯೂರಿನ ಗಾರೆ ಮೇಸ್ತ್ರಿ. ದುರ್ಗ, ಹೊಳಲ್ಕೆರೆ, ಹೊಸದುರ್ಗ ಎಲ್ಲಾ ಕಡೆ ಕರಣೆ ಹಿಡಿದೀನಿ. ಗೋಡೆ ಏಳೋ ಕಡೆ ಏನಾದ್ರೂ ಒಂದು ನಗೆಪಾಟಲು ಆಗೇ ಆಗ್ತೈತೆ, ಅದು ಸಾಮಾನ್ಯ. ಆದ್ರೆ ಎಲ್ಲಾ ನಗೆಪಾಟಲೂ ಒಂದೇ ಗೋಡೆ ಹತ್ರ ಸೇರ್ಕಂಡಿದ್ದು ಅಂದ್ರೆ ಆ ಹಟ್ಟಿ ಸ್ಕೂಲಲ್ಲೇ.

ಸ್ವಾತಂತ್ರ್ಯ ಬಂದು ಕೆಲವು ವರ್ಷ ಆಗಿತ್ತು ಅಷ್ಟೆ. ಹರಿಯಬ್ಬೆ ದಾಟಿ ಒಳಗೆ ನಡೆದ್ರೆ ಆ ಹಟ್ಟಿ. ಬೇಸಾಯ, ಕುರಿ, ಎರಡೇ ಕಸುಬು. ಸ್ಕೂಲು ಬಂದಿತ್ತು, ಮೇಷ್ಟ್ರು ಬಂದಿದ್ರು, ಸೂರು ಮಾತ್ರ ಬಂದಿರ್ಲಿಲ್ಲ. ಪಾಠ ನಡೀತಿದ್ದದ್ದು ಹುಣಸೆ ಮರದ ಕೆಳಗೆ. ಹೊತ್ತು ಏರಿದಂಗೆ ನೆರಳು ಸರಿಯೋದು, ನೆರಳು ಸರಿದಂಗೆ ಮೇಷ್ಟ್ರು ಕರಿಹಲಗೆ ಹೊತ್ಕಂಡು ಮಕ್ಕಳ ಸಮೇತ ಮರ ಸುತ್ತೋರು. ಮಳೆ ಬಂದ್ರೆ ರಜ. ಸ್ಕೂಲ್ ಇನ್ಸ್‌ಪೆಕ್ಟರು ಒಂದು ಸಲ ಬಂದು ನೋಡಿ, "ಮುಂಗಾರು ಹಿಡಿಯೋದ್ರೊಳಗೆ ಒಂದು ಸೂರು ತೋರಿಸ್ರಿ. ಇಲ್ಲಾಂದ್ರೆ ಮೇಷ್ಟ್ರನ್ನ ಸೂರು ಇರೋ ಊರಿಗೆ ಕಳಿಸ್ತೀನಿ" ಅಂತ ಹೇಳಿ ಹೋಗಿದ್ರು. ಹಟ್ಟಿಗೆ ಮೊದಲನೇ ಮೇಷ್ಟ್ರು ಅವರು. ಹೋದ್ರೆ ಇನ್ನೊಬ್ಬರು ಯಾವ ಕಾಲಕ್ಕೋ.

ಅದಕ್ಕೇ ಹಟ್ಟಿ ಯಜಮಾನ್ರು ನನ್ನ ಕರೆಸಿದ್ರು. ನಾನು ಆಗ ಹರೇದ ಮೇಸ್ತ್ರಿ, ಕೋಪ ಮೂಗಿನ ತುದೀಲೇ ಇರೋದು. ಮೀಸೆ ತಿರುವ್ಕಂಡು ಹೇಳಿದೆ: "ಆರು ಜನ ಗಟ್ಟಿ ಆಳು ಕೊಡ್ರಿ ಯಜಮಾನ್ರೆ, ಮಿಕ್ಕಿದ್ದು ನಂಗೆ ಬಿಡ್ರಿ."

"ಆರು ಜನ ಆಗಲ್ಲ ಮೇಸ್ತ್ರಿ. ಮನೆಗೊಂದು ಕೈ. ಒಂದು ಮನೆನೂ ಬಿಡಂಗಿಲ್ಲ."

"ಕೆಲಸದ ಜಾಗದಾಗೆ ಸಂತೆ ಸೇರಿಸಿದ್ರೆ ಗೋಡೆ ಎದ್ದಂಗೇ."

"ಆರು ಜನ ಕಟ್ಟಿದ್ರೆ ಅದು ಆರು ಜನದ ಸ್ಕೂಲು. ನಾಳೆ ಮಾಳಿಗೆ ಸೋರಿದ್ರೆ ಮಿಕ್ಕೋರು, ಕಟ್ಟಿದೋರನ್ನೇ ಕರೀರಿ ಅಂತಾರೆ. ಕೈ ಇಟ್ಟೋನು ಬಿಟ್ಟು ಹೋಗಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತ ಕೇಳಿಲ್ವೇನು?"

"ಹುಲ್ಲುಕಡ್ಡಿ ಸರಿ. ಹತ್ತು ಜನರ ಬುದ್ಧಿವಾದ ಒಬ್ಬ ಮೇಸ್ತ್ರಿ ತಲೆ ಮೇಲೆ ಬಿದ್ರೆ?"

"ಹೊರ್ರಿ. ಅದಕ್ಕೇ ನಿಮ್ಮನ್ನ ಕರೆಸಿರೋದು" ಅಂದ್ರು ಯಜಮಾನ್ರು.

ಕಲ್ಲಿನ ರಾಯಭಾರ

ಮೊದಲು ತಳಪಾಯ. ಗುಡ್ಡದ ಬುಡದಿಂದ ಸ್ಕೂಲಿನ ಜಾಗದ ತನಕ ಜನಾನ ಸಾಲಾಗಿ ನಿಲ್ಲಿಸಿ, ಕೈಯಿಂದ ಕೈಗೆ ಕಲ್ಲು ಸಾಗಿಸೋ ಏರ್ಪಾಡು ಮಾಡಿದೆ. ಎತ್ತು ಗಾಡಿ ಎಲ್ಲಾ ಹೊಲಕ್ಕೆ ಹೋಗಿದ್ವು, ಬೇರೆ ದಾರಿ ಇರ್ಲಿಲ್ಲ. ಕಲ್ಲು ಚೆನ್ನಾಗೇ ಬರ್ತಿತ್ತು. ಆದ್ರೆ ಸಾಲಿನ ನಡುವೆ ಒಂದು ಕಡೆ ಬಂದು ದಪ್ ಅಂತ ನೆಲಕ್ಕೆ ಬೀಳೋದು, ಆಮೇಲೆ ಎದ್ದು ಮುಂದಕ್ಕೆ ಹೋಗೋದು. ಒಂದು ಕಲ್ಲಾದ್ರೆ ಕೈ ಜಾರ್ತು ಅನ್ನಬೌದು. ಎಲ್ಲಾ ಕಲ್ಲೂ ಅಲ್ಲೇ ಬೀಳ್ತಾವೆ.

ಹೋಗಿ ನೋಡಿದ್ರೆ ಅಣ್ಣ ತಮ್ಮ ಇಬ್ರು. ಬದುವಿನ ಜಗಳದಾಗೆ ಮಾತು ಬಿಟ್ಟು ವರ್ಷಗಳಾಗಿದ್ವಂತೆ. ಎರಡು ಮನೆಯಾಗಿ ಹೋಗಿದ್ರಿಂದ ಎರಡೂ ಮನೆಯಿಂದ ಒಂದೊಂದು ಕೈ ಬಂದಿತ್ತು, ನಾನು ಗೊತ್ತಿಲ್ದೆ ಜೋಡಿಯಾಗಿ ನಿಲ್ಲಿಸಿದ್ದೆ. ಅಣ್ಣ ತಮ್ಮನ ಕೈಗೆ ಕೊಡಂಗಿಲ್ಲ, ತಮ್ಮ ಅಣ್ಣನ ಕೈಯಿಂದ ಈಸ್ಕೊಳಂಗಿಲ್ಲ. ಹಂಗಾಗಿ ಭೂಮ್ತಾಯಿ ಮಧ್ಯಸ್ಥಿಕೆ.

"ಹಿಂಗೆ ಕಲ್ಲು ಇಳಿಸಿ ಎತ್ತಿದ್ರೆ ನಿಮ್ಮ ಸ್ಕೂಲಲ್ಲಿ ನಿಮ್ಮ ಮೊಮ್ಮಕ್ಕಳೂ ಓದಲ್ಲ" ಅಂತ ಬೈದೆ. ಅಣ್ಣ ಒಂದು ಚೂಪು ಕಲ್ಲು ಕೈಯಲ್ಲಿ ಹಿಡ್ಕಂಡು, ಆ ಕಲ್ಲಿನ ಮುಖ ನೋಡಿ ಹೇಳಿದ: "ಕಲ್ಲಪ್ಪ, ಮುಂದೆ ನಿಂತಿರೋ ಮನುಷ್ಯನಿಗೆ ಹೇಳು, ನಿನ್ನ ಅಂಚು ಚೂಪೈತೆ, ಹುಷಾರಾಗಿ ಹಿಡೀಬೇಕು ಅಂತ." ತಮ್ಮ ಅದನ್ನ ಕೈಗೇ ಈಸ್ಕಂಡು, ಮುಂದಕ್ಕೆ ಕೊಟ್ಟು, ಕಾಲಡಿ ಬಿದ್ದಿದ್ದ ಇನ್ನೊಂದು ಕಲ್ಲಿಗೆ ಹೇಳಿದ: "ಕಲ್ಲಪ್ಪ, ನನ್ನ ಕೈ ಮರಗಟ್ಟೈತೆ, ನಂಗೇನೂ ಆಗಲ್ಲ. ಹಿಂದಿರೋರಿಗೆ ವಯಸ್ಸಾತು, ಅವ್ರು ಹುಷಾರಾಗಿರ್ಬೇಕು ಅಂತ ಹೇಳು."

ನಾನು ಪಾಯದ ಹತ್ರ ವಾಪಸ್ ಬಂದೆ. ಕಲ್ಲು ಸಲೀಸಾಗಿ ಬರಾಕೆ ಶುರುವಾದ್ವು. ಮಧ್ಯಾಹ್ನದ ಹೊತ್ತಿಗೆ ಕಲ್ಲಪ್ಪ ಎಮ್ಮೆ ಗಬ್ಬ ಆಗಿರೋ ವಿಷಯ ಮುಟ್ಟಿಸಿದ್ದ. ಸಂಜೆ ಹೊತ್ತಿಗೆ ಅಣ್ಣನ ಮಗಳಿಗೆ ಗಂಡು ನೋಡೋ ಮಾತು ನಡೀತಿತ್ತು. ಮಾರನೇ ದಿನ, ಪಾಪ ಯಾಕೆ ಕಷ್ಟ ಅಂತ ಇಬ್ಬರನ್ನೂ ಬೇರೆ ಬೇರೆ ಕಡೆ ನಿಲ್ಲಿಸಿದೆ. ಇಬ್ರೂ ಒಟ್ಟಿಗೇ ನನ್ನ ಹತ್ರ ಬಂದ್ರು. "ಮೇಸ್ತ್ರಿ, ನಮ್ಮನ್ನ ನಿನ್ನೆ ಇದ್ದಂಗೇ ನಿಲ್ಲಿಸ್ರಿ. ಗಂಡಿನ ಮನೆ ಮಾತು ಅರ್ಧಕ್ಕೇ ನಿಂತೈತೆ."

ಕುರಿ ತುಳಿದ ಮಣ್ಣು

ಪಾಯ ಆದ ಮೇಲೆ ಮಣ್ಣಿನ ಗೋಡೆ. ಗುಂಡಿ ತೋಡಿ, ಮಣ್ಣಿಗೆ ನೀರು ಹುಲ್ಲು ಹಾಕಿ ಕೊಳೆಸಿ, ಚೆನ್ನಾಗಿ ತುಳೀಬೇಕು. ಅದಕ್ಕೆ ಬರಬೇಕಾದ ಒಂದು ಮನೆ ಬರ್ಲೇ ಇಲ್ಲ. ಕುರಿಯೋನು ಅವನು, ಒಂಟಿ ಆಳು. ದಿನಾ ಬೆಳಗ್ಗೆ ಹಿಂಡು ಹೊಡ್ಕಂಡು ಹೋಗೋನು.

"ಕುರಿ ಬಿಟ್ಟು ಹೆಂಗೆ ಬರ್ಲಿ ಯಜಮಾನ್ರೆ, ತೋಳ ಬಂದ್ರೆ ನೀವು ಜವಾಬ್ದಾರಿನಾ?" ಅಂದ.

"ಬಿಟ್ಟು ಬಾ ಅಂದೋರು ಯಾರು? ಕುರಿ ಜೊತೆಗೇ ಬಾ" ಅಂದ್ರು ಯಜಮಾನ್ರು.

ಬಂದೇ ಬಿಟ್ಟ. ಇಡೀ ಹಿಂಡು ಸ್ಕೂಲಿನ ಜಾಗದ ಸುತ್ತ ಬ್ಯಾ ಅಂತ ನಿಂತ್ಕಂಡಿತು. ನಾನು ಹಣೆ ಹಣೆ ಚಚ್ಕಂಡೆ. ಅವನು ನಿಧಾನಕ್ಕೆ ಗುಂಡಿ ನೋಡಿದ, ಮಣ್ಣು ನೋಡಿದ, ತನ್ನ ಎರಡು ಕಾಲು ನೋಡ್ಕಂಡ. ಆಮೇಲೆ, "ನಂದು ಎರಡೇ ಕಾಲು ಮೇಸ್ತ್ರಿ. ಇವಕ್ಕೆ ನಾಲ್ಕು ನಾಲ್ಕು ಅವೆ" ಅಂದೋನೇ ಮುಂದಾಳು ಟಗರನ್ನ ಹೆಗಲ ಮೇಲೆ ಎತ್ಕಂಡು ಗುಂಡಿಗೆ ಇಳಿದ. ಟಗರು ಹೋದ ಮೇಲೆ ಕೇಳ್ಬೇಕಾ. ಒಂದರ ಹಿಂದೆ ಒಂದು, ಇಡೀ ಹಿಂಡು ದುಬುದುಬು ಅಂತ ಗುಂಡಿಗೆ ಬಿತ್ತು.

ಸತ್ಯ ಹೇಳ್ತೀನಿ, ಅಷ್ಟು ಚೆನ್ನಾಗಿ ಹದ ಆದ ಮಣ್ಣು ನಾನು ಅದಕ್ಕೂ ಮುಂಚೆ ನೋಡಿರ್ಲಿಲ್ಲ. ಆದ್ರೆ ಕುರಿ ಅಂದ ಮೇಲೆ ಬರೀ ತುಳಿದು ಹೋಗ್ತಾವಾ? ಗುಂಡಿ ತುಂಬ ಹಿಕ್ಕೆ. "ಏನಪ್ಪ ಇದು, ಸರಸ್ವತಿ ಕೂರೋ ಜಾಗಕ್ಕೆ" ಅಂದೆ. ಅವನಿಗೆ ಬೇಜಾರಾಯ್ತು. "ನಮ್ಮ ಕುರಿ ಒಂದು ರಾತ್ರಿ ಹೊಲದಾಗೆ ಕೂರ್ಲಿ, ಗೊಬ್ಬರ ಆಗ್ಲಿ ಅಂತ ಜನ ಕೈ ಮುಗಿದು ಕರೀತಾರೆ. ನಿಮಗೆ ಪುಕ್ಕಟೆ ಸಿಕ್ಕೈತೆ, ಅದಕ್ಕೇ ಬೆಲೆ ಇಲ್ಲ" ಅಂದ. ಸರಿ, ಅದೇ ಮಣ್ಣಲ್ಲಿ ಗೋಡೆ ಎತ್ತಿದೆ.

ಕುರಿ ಜಾಲಿಕಾಯಿ ತಿಂತಾವೆ, ಬೀಜ ಹಂಗೇ ಹಿಕ್ಕೆ ಜೊತೆ ಬೀಳ್ತೈತೆ ಅನ್ನೋದು ನಂಗೆ ಹೊಳೀಲೇ ಇಲ್ಲ. ಗೋಡೆಗೆ ಮೊದಲ ಮಳೆ ಎರಚಲು ತಾಗಿದ್ದೇ ತಡ, ಸಂದುಸಂದಲ್ಲಿ ಹಸಿರು ಎದ್ದು ನಿಂತ್ಕಂಡಿತು. ಆ ವರ್ಷ ಬೀಜ ಮೊಳೆಯೋ ಪಾಠಕ್ಕೆ ಮೇಷ್ಟ್ರು ಮಕ್ಕಳನ್ನ ಹೊಲಕ್ಕೆ ಕರ್ಕಂಡು ಹೋಗ್ಲಿಲ್ಲ. "ಎಲ್ಲಾರೂ ಗೋಡೆ ಕಡೆ ತಿರುಗ್ರಿ" ಅಂದ್ರು ಅಷ್ಟೆ.

ಅಳಿಯನ ಹೊಟ್ಟೆ

ಗೋಡೆ ಎದೆಮಟ್ಟ ಬಂದಾಗ ಇನ್ನೊಂದು ಮನೆಯಿಂದ ಸಮಸ್ಯೆ. ಆ ಮನೆ ಗಂಡಸು ಕಾಲು ಉಳುಕಿಸ್ಕಂಡು ಮಲಗಿದ್ದ. ಮನೇಲಿದ್ದ ಇನ್ನೊಬ್ಬ ಗಂಡಸು ಅಂದ್ರೆ ಹೊಸ ಅಳಿಯ, ಮದುವೆ ಆಗಿ ಮೊದಲ ಸಲ ಅತ್ತೆ ಮನೆಗೆ ಬಂದಿದ್ದ. ಅತ್ತೆ ಊರಲ್ಲಿ ಅಳಿಯನ ಕೈಯಲ್ಲಿ ಮಣ್ಣು ಹೊರಿಸಿದ್ರೆ ಏನಾದ್ರೂ ಉಂಟಾ? ಹಟ್ಟಿ ಮಾನ ಹೋಗ್ತೈತೆ. ಹಂಗಂತ ಆ ಮನೆ ಬಿಟ್ರೆ ಯಜಮಾನ್ರ ಮಾತು ಹೋಗ್ತೈತೆ.

ಯಜಮಾನ್ರು ನನ್ನ ಮುಖ ನೋಡಿದ್ರು. "ಮೈ ಬಗ್ಗಬಾರ್ದು, ಕೈ ಕೊಳೆ ಆಗಬಾರ್ದು, ಆದ್ರೆ ಕೆಲಸ ಆಗಿರ್ಬೇಕು. ಅಂಥದ್ದೇನಾದ್ರೂ ಐತಾ ಮೇಸ್ತ್ರಿ?"

"ಅಂಥದ್ದು ಯಜಮಾನಿಕೆ ಒಂದೇ" ಅಂದೆ. ಅವರು ನಗ್ಲಿಲ್ಲ.

ಕೊನೆಗೆ ದಾರ ಕೊಟ್ಟೆ. ಗೋಡೆ ನೆಟ್ಟಗೆ ಬರ್ಲಿ ಅಂತ ಈ ತುದಿಯಿಂದ ಆ ತುದಿಗೆ ದಾರ ಎಳೆದು ಕಟ್ತೀವಿ, ಅದರ ಗುಂಟ ಮಣ್ಣು ಇಡ್ತೀವಿ. ಎರಡು ಕಡೆನೂ ಗೂಟಕ್ಕೆ ಕಟ್ಟಿದ್ರೆ ಮುಗೀತು. ಒಂದು ಕಡೆ ಗೂಟ ಕಿತ್ತಾಕಿ ಅಳಿಯಂದ್ರಿಗೆ ಕಂಬಳಿ ಹಾಸಿ, ನೆರಳಲ್ಲಿ ಕೂರಿಸಿ, "ಇದನ್ನ ಹಿಂಗೇ ಹಿಡ್ಕಂಡಿರ್ರಿ, ಇಡೀ ಸ್ಕೂಲು ನಿಮ್ಮ ಕೈಯಾಗೈತೆ" ಅಂದೆ. ಅಳಿಯಂದ್ರು ಬಾಳ ಗಾಂಭೀರ್ಯದಿಂದ ಹಿಡ್ಕಂಡ್ರು.

ಮಧ್ಯಾಹ್ನದ ತನಕ ಏನೂ ತೊಂದರೆ ಇರ್ಲಿಲ್ಲ. ಮಧ್ಯಾಹ್ನ ಅತ್ತೆ ಮನೆಯಿಂದ ಹೋಳಿಗೆ ತುಪ್ಪ ಬಂತು. ಹೊಸ ಅಳಿಯನಿಗೆ ಸಾಕು ಅನ್ನೋಕೂ ಬಿಡಲ್ಲ, ಗೊತ್ತಲ್ಲ. ಉಂಡು ಬಂದು ದಾರ ಹಿಡ್ಕಂಡ್ರು, ಕಣ್ಣು ಮುಚ್ಕಂಡ್ರು. ದಾರ ಮಾತ್ರ ಬಿಡ್ಲಿಲ್ಲ, ಅದು ಅವರ ದೊಡ್ಡತನ. ಮೈ ಹೊರಗಡೆ ವಾಲ್ತಾ ಹೋಯ್ತು, ಮೈ ಜೊತೆ ಕೈ, ಕೈ ಜೊತೆ ದಾರ, ದಾರದ ಜೊತೆ ಗೋಡೆ. ನಾನು ಆ ಕಡೆ ಇನ್ಯಾರಿಗೋ ಬೈತಾ ಇದ್ದೆ.

ಬೆಳಗ್ಗೆ ನೋಡಿದ್ರೆ ಗೋಡೆ ಹೊಟ್ಟೆ ಬಿಟ್ಕಂಡು ನಿಂತೈತೆ. "ಕೆಡವ್ರಿ ಇದನ್ನ" ಅಂತ ಪಿಕಾಸಿ ಎತ್ತಿದೆ. ಎಲ್ಲಿದ್ಲೋ ಅತ್ತೆ, ಓಡಿ ಬಂದು ಗೋಡೆಗೆ ಅಡ್ಡ ನಿಂತ್ಳು. "ಅಳಿಯ ಕೈಯಾರೆ ಮಾಡಿದ ಕೆಲಸ ಕೆಡವಿದ್ರೆ ಅವರು ಮುನಿಸ್ಕಂಡು ಹೋಗ್ತಾರಪ್ಪ. ನನ್ನ ಮಗಳ ಗತಿ?" ಯಜಮಾನ್ರು ಪಿಕಾಸಿ ಈಸ್ಕಂಡ್ರು. ಹೊರಗಡೆಯಿಂದ ಆ ಹೊಟ್ಟೆಗೆ ಆಸರೆಯಾಗಿ ಒಂದು ಜಗಲಿ ಕಟ್ಟಿ ಸುಮ್ನಾದೆ. ಗೋಡೆ ಬೀಳ್ಲಿಲ್ಲ, ಮಗಳ ಸಂಸಾರನೂ ಬೀಳ್ಲಿಲ್ಲ. ಬಿಸಿಲಿಗೆ ಮಕ್ಕಳೆಲ್ಲ ಆ ಜಗಲಿ ಮೇಲೇ ಕೂರ್ತಾರೆ. ಈಗ ಆ ಅಳಿಯಂದ್ರಿಗೂ ವಯಸ್ಸಾಗೈತೆ, ಹಟ್ಟಿಗೆ ಬಂದ್ರೆ ಅವರೂ ಅಲ್ಲೇ ಒರಗಿ ಕೂರ್ತಾರೆ. ಎರಡು ಹೊಟ್ಟೆನೂ ಒಟ್ಟಿಗೆ ನೋಡಿದೋರು, ಗೋಡೆದೇ ಎಷ್ಟೋ ವಾಸಿ ಅಂತಾರೆ.

ಎಲ್ಲರ ಸಾರು

ಕೆಲಸಗಾರರಿಗೆ ಮಧ್ಯಾಹ್ನ ಊಟ ಯಾರು ಕೊಡ್ಬೇಕು ಅಂತ ಹೆಂಗಸರಲ್ಲಿ ಮಾತಾಯ್ತು. ಒಂದು ಮನೇಲಿ ಮಾಡಿದ್ರೆ ಇನ್ನೊಂದು ಮನೆಗೆ ಬೇಜಾರು. ಅಲ್ಲೂ ಮನೆಗೊಂದು ಕೈ. ಒಂದು ದೊಡ್ಡ ಹಂಡೆ ಇಟ್ರು, ಎಲ್ಲಾ ಮನೆಯೋರೂ ತಮ್ಮ ತಮ್ಮ ಸಾರು ತಂದು ಅದಕ್ಕೇ ಸುರುವಿದ್ರು. ಹುರುಳಿ ಸಾರು, ಬಸ್ಸಾರು, ಸೊಪ್ಪಿನ ಸಾರು, ಬದನೆಕಾಯಿ, ಮೇಲೆ ಯಾರದೋ ಒಣಮೆಣಸಿನಕಾಯಿ ಖಾರ. ಸೌಟು ಇಳಿಸಿದ ಕಡೆ ಒಂದೊಂದು ಮನೆ ಸಿಗೋದು.

ನಾನು ಮುದ್ದೆ ಮುರಿದು ಅದರಲ್ಲಿ ಅದ್ದಿ ನುಂಗಿದೆ. ದೇವರಾಣೆ, ಅಂಥ ರುಚಿ ಆಮೇಲೆ ಯಾವ ಮದುವೆ ಮನೇಲೂ ಸಿಗ್ಲಿಲ್ಲ. ಒಬ್ಬಾಕಿ ಮೆಲ್ಲಗೆ ಬಂದು, "ಹೆಂಗೈತೆ ಅಣ್ಣ ನಮ್ಮ ಸಾರು?" ಅಂದ್ಲು. "ನಿಮ್ಮದೇ ತಾಯಿ, ಅದರ ರುಚಿನೇ ಮೇಲೆ ಬಂದೈತೆ" ಅಂದೆ. ಸಂತೋಷವಾಗಿ ಹೋದ್ಲು. ಇನ್ನೊಬ್ಬಾಕಿ ಬಂದ್ಲು, ಅವಳಿಗೂ ಅದೇ ಮಾತು. ಎಲ್ಲಾರಿಗೂ ಅದೇ ಮಾತು. ಹಂಗಾಗಿ ದಿನದಿಂದ ದಿನಕ್ಕೆ ನನ್ನ ತಟ್ಟೆಗೆ ಬೀಳೋ ಮುದ್ದೆ ದಪ್ಪ ಆಗ್ತಾ ಬಂತು.

ಕಡೆಗೊಂದಿನ ಎಲ್ಲಾರೂ ನೀರು ಸೇದೋ ಬಾವಿ ಹತ್ರ ಸೇರಿ ಮಾತಾಡ್ಕಂಡಿರ್ಬೇಕು. ಊಟಕ್ಕೆ ಕುಂತ್ರೆ ನನ್ನ ಸುತ್ತ ಹೆಂಗಸರೆಲ್ಲ ಒಟ್ಟಿಗೆ ನಿಂತಾರೆ. "ಈಗ ಹೇಳ್ರಿ ಮೇಸ್ತ್ರಿ, ಯಾರ ಸಾರು?" ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟೆ. "ಹಂಡೆ ಯಾರದು ಹೇಳ್ರಿ" ಅಂದೆ. "ಯಜಮಾನ್ರದು" ಅಂದ್ರು. "ರುಚಿ ಎಲ್ಲಾ ಹಂಡೇದೇ" ಅಂದೆ. ಬದುಕ್ಕಂಡೆ.

ಮನೆಗೆ ಬಂದು ನನ್ನ ಹೆಂಡತಿಗೆ ಅಂಥ ಸಾರು ಮಾಡು ಅಂದೆ. "ನನ್ನೊಬ್ಬಳ ಕೈಲಿ ಹೆಂಗಾಗ್ತೈತೆ? ಹೋಗಿ ಅಕ್ಕಪಕ್ಕದ ಮನೆಯೋರನ್ನೆಲ್ಲ ಕರ್ಕಂಡು ಬನ್ರಿ" ಅಂದ್ಲು. ಇವತ್ತಿಗೂ ಆ ಸಾರಿನ ಆಸೆ ನಂಗೆ ಹೋಗಿಲ್ಲ.

ಕಾವಲು

ಈ ಎಲ್ಲಾ ಗದ್ದಲದ ನಡುವೆ ಒಬ್ಬ ಅಜ್ಜಿ ದಿನಾ ಬೆಳಗ್ಗೆ ಕೋಲೂರ್ಕಂಡು ಬಂದು ನನ್ನ ಮುಂದೆ ನಿಲ್ಲೋದು. ಒಂಟಿ ಜೀವ, ಆದ್ರೆ ಬಾಯಿ ಹತ್ತು ಜನದ್ದು. ಹಟ್ಟಿಯಲ್ಲಿ ಯಜಮಾನ್ರಿಗೂ "ಏನೋ" ಅನ್ನೋಳು ಅವಳೊಬ್ಬಳೇ.

"ನಂದೂ ಒಂದು ಮನೆ. ನನ್ನ ಕೈ ಎಲ್ಲಿಡ್ಲಿ?"

"ನಾಳೆ ಹೇಳ್ತೀನಜ್ಜಿ."

ಕಲ್ಲಿನ ದಿನವೂ ನಾಳೆ, ಮಣ್ಣಿನ ದಿನವೂ ನಾಳೆ. ನಡುಗೋ ಕೈಗೆ ಏನು ಕೊಡ್ಲಿ? ಗೋಡೆ ಮುಗೀತು. ತೊಲೆ ಜಂತೆ ಏರಿದ್ವು. ಮಾಳಿಗೆ ಮೇಲೆ ಹರವಾಕೆ ಮನೆಗೊಂದು ಪುಟ್ಟಿ ಚೌಳು ಮಣ್ಣು ಬಂತು. ಆ ಮಣ್ಣು ನೀರನ್ನ ಕೆಳಗೆ ಬಿಡಲ್ಲ, ನಮ್ಮ ಸೀಮೆ ಮಾಳಿಗೆ ನಿಂತಿರೋದೇ ಅದರ ಮೇಲೆ. ಕಡೆಗೆ ನೆಲ ಬಡಿದು ಸಗಣಿ ಸಾರಿಸಿದ್ವಿ. ಆ ಹಸಿ ನೆಲದ ಮೇಲೆ ಕೋಳಿ ಓಡಾಡ್ತಿದ್ವು. ತಟ್ಟಂತ ಹೊಳೀತು. "ಅಜ್ಜಿ, ಈ ಬಾಗಿಲು ನಿಂದು. ನೆಲ ಒಣಗೋ ತನಕ ಯಾರನ್ನೂ ಒಳಗೆ ಬಿಡ್ಬ್ಯಾಡ" ಅಂದೆ. ಪೀಡೆ ತೊಲಗ್ತು ಅಂತ ಮನಸ್ಸಲ್ಲೇ ಅಂದ್ಕಂಡೆ.

ಕೋಳಿ ಅಂತ ನಾನು ಬಿಡಿಸಿ ಹೇಳ್ಬೇಕಿತ್ತು. ಅಜ್ಜಿ ನನ್ನನ್ನೇ ಮೊದಲು ತಡೆದ್ಲು. ನನ್ನ ಕರಣೆ ಒಳಗೇ ಉಳ್ಕಂಡಿತ್ತು. ಕೊಡಜ್ಜಿ ಅಂದ್ರೆ, "ಮೇಸ್ತ್ರಿ ಅಪ್ಪಣೆ ಆಗೈತೆ, ಯಾರನ್ನೂ ಬಿಡಂಗಿಲ್ಲ" ಅಂದ್ಲು. "ಆ ಮೇಸ್ತ್ರಿ ನಾನೇ" ಅಂದೆ. "ನೀನೇ ಆದ್ರೆ ನಿನ್ನ ಮಾತಿಗೆ ನೀನೇ ತಪ್ತೀಯಾ?" ಅಂದ್ಲು. ಅವತ್ತು ಹೊರಗೋಡೆಗೆ ಬರಿಗೈಯಲ್ಲೇ ಗಿಲಾವು ಸವರಿದೆ.

ಏಣಿ ಹಿಂದುಗಡೆ ಐತೆ

ಮಾರಿಕಣಿವೆ ದಿಕ್ಕಿಂದ ಮೋಡ ಎದ್ದ ದಿನವೇ ಇನ್ಸ್‌ಪೆಕ್ಟರು ಬಂದ್ರು. ಸೈಕಲ್ಲು ಇಳಿಯೋದಕ್ಕೂ ಹನಿ ಬೀಳೋದಕ್ಕೂ ಸರಿ ಹೋಯ್ತು. ಹಟ್ಟಿಗೆ ಹಟ್ಟಿನೇ ಸ್ಕೂಲ್ ಮುಂದೆ ಸೇರಿತ್ತು. ಸಾಹೇಬ್ರು ಒಳಗೆ ಹೋಗಿ, ಸೂರು ನೋಡಿ, ಆಗ್ಬೌದು ಅಂದ್ರೆ ಮೇಷ್ಟ್ರು ಉಳೀತಾರೆ. ಇಲ್ಲಾಂದ್ರೆ ಇಲ್ಲ.

ಸಾಹೇಬ್ರು ಕೋಟು ಟೋಪಿ ಹಾಕ್ಕಂಡು ದಾಪುಗಾಲಲ್ಲಿ ಬಂದ್ರು. ನೆಲ ಒಣಗಿದ್ರೂ ಅಜ್ಜಿ ಕಾವಲು ಬಿಟ್ಟಿರ್ಲಿಲ್ಲ, ಹೊಸ್ತಿಲ ಮೇಲೆ ಕಂಬಳಿ ಕೊಪ್ಪೆ ಹೊದ್ಕಂಡು ಕುಂತಿದ್ಲು. ಕೋಲು ಅಡ್ಡ ಇಟ್ಲು.

"ಯಾರಪ್ಪ ನೀನು?"

"ಇನ್ಸ್‌ಪೆಕ್ಟರು."

"ಆಗಿರಪ್ಪ, ಬ್ಯಾಡ ಅಂದೋರು ಯಾರು. ಈ ಸ್ಕೂಲಿಗೆ ಕೈ ಇಟ್ಟೀಯಾ?"

"ಕೈ ಅಂದ್ರೆ?"

"ಕಲ್ಲು ಹೊತ್ತೀಯಾ? ಮಣ್ಣು ತುಳಿದೀಯಾ? ದಾರ ಹಿಡಿದೀಯಾ?"

"ಇಲ್ಲಮ್ಮ."

"ನಮ್ಮ ಕುರಿನೂ ಕಾಲಿಟ್ಟು ದುಡಿದಾವೆ. ನೀನು ದುಡಿದಿಲ್ಲ. ಹೊರಗೇ ನಿಂತ್ಕ."

ಮಳೆ ಜೋರಾಯ್ತು. ಸಾಹೇಬ್ರ ಟೋಪಿಯಿಂದ ನೀರು ಇಳೀತಿತ್ತು. ಯಜಮಾನ್ರು ಓಡಿ ಬಂದು, "ಅಮ್ಮೋ, ಅವರು ಸಾಹೇಬ್ರು, ದಾರಿ ಬಿಡು" ಅಂದ್ರು. ಅಜ್ಜಿ ಅಲ್ಲಾಡ್ಲಿಲ್ಲ. "ಮನೆಗೊಂದು ಕೈ ಅಂದೋನು ನೀನೇ ಅಲ್ವೇನೋ? ಇವನಿಗೆ ಮನೆ ಇಲ್ವಾ?" ನನ್ನ ಹಿಂದೆ ನಿಂತಿದ್ದ ಮೇಷ್ಟ್ರು ಸಾಹೇಬ್ರಿಗೂ ಕೇಳೋ ಹಂಗೆ ಪಿಸುಗುಟ್ಟಿದ್ರು: "ಮುಗೀತು ಮೇಸ್ತ್ರಿ. ನಾನು ಹೋಗಿ ಟ್ರಂಕು ಕಟ್ಕಂತೀನಿ." ನಾನೇ ಕೂರಿಸಿದ ಕಾವಲು. ಭೂಮಿ ಬಾಯಿ ಬಿಟ್ರೆ ಇಳಿದು ಹೋಗಾಣ ಅನ್ನಿಸ್ತು.

ಸಾಹೇಬ್ರು ಅಜ್ಜಿನ ನೋಡಿದ್ರು, ನಮ್ಮನ್ನ ನೋಡಿದ್ರು. ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ತೂತು ಉಳಿದಿತ್ತು. ಗಿಲಾವು ಮಾಡುವಾಗ ನಿಂತ್ಕಳ್ಳಾಕೆ ಕಟ್ಟಿದ್ದ ಸಾರುವೆಯ ಗಳ ತೂರಿಸಿದ್ದ ಜಾಗ ಅದು. ಮುಚ್ಚಾಕೆ ಅಂತ ಕಲಸಿದ ಮಣ್ಣೂ ಅಲ್ಲೇ ಇತ್ತು. ಸಾಹೇಬ್ರು ಬೂಟು ಬಿಚ್ಚಿದ್ರು, ಕೋಟಿನ ತೋಳು ಮಡಿಚಿದ್ರು, ಒಂದು ಮುದ್ದೆ ಮಣ್ಣು ತಗಂಡು ತೂತಿಗೆ ಮೆತ್ತಿದ್ರು.

"ಗಟ್ಟಿಯಾಗಿ ಒತ್ತಪ್ಪ. ಮನೇಲಿ ಉಣ್ಣಾಕೆ ಹಾಕಲ್ವಾ?" ಅಂದ್ಲು ಅಜ್ಜಿ. ಸಾಹೇಬ್ರು ಎರಡೂ ಕೈ ಸೇರಿಸಿ ಒತ್ತಿದ್ರು. ಅಂಗೈ ಗುರುತು ಹಂಗೇ ಮೂಡ್ತು. ಅಜ್ಜಿ ಕೋಲು ತೆಗೆದ್ಲು.

ಒಳಗೆ ಹೋದ್ವಿ. ಎಲ್ಲಾರ ಕಣ್ಣೂ ಮೇಲೆ. ಹೊರಗೆ ಮಳೆ ಸುರೀತೈತೆ, ಒಳಗೆ ಒಂದು ಹನಿನೂ ಇಲ್ಲ. ನಾನು ಮೀಸೆಗೆ ಕೈ ಹಾಕ್ಬೇಕು, ಅಷ್ಟರಲ್ಲಿ ಟಪ್ ಅಂತ ಒಂದು ಹನಿ. ಸರಿಯಾಗಿ ಸಾಹೇಬ್ರ ಟೋಪಿ ಮೇಲೆ. ಅವರು ತಲೆ ಎತ್ತಿ ನೋಡಿದ್ರು. ಇನ್ನೊಂದು ಹನಿ ಮೂಗಿನ ಮೇಲೆ ಬಿತ್ತು. ಅವರು ಏನೋ ಹೇಳ್ಬೇಕು ಅಂತ ಈ ಕಡೆ ತಿರುಗಿದ್ರೆ, ಸ್ಕೂಲು ಖಾಲಿ. ನಾನು, ಮೇಷ್ಟ್ರು, ಹೊಸ್ತಿಲಲ್ಲಿ ಅಜ್ಜಿ, ಅಷ್ಟೇ.

"ಎಲ್ಲಿ ಹೋದ್ರು ಇವ್ರೆಲ್ಲ?"

"ಮಾಳಿಗೆ ಮೇಲಕ್ಕೆ ಹೋಗ್ಯಾರೆ ಸಾಹೇಬ್ರೆ. ಮನೆಗೊಂದು ಪುಟ್ಟಿ ಮಣ್ಣು ಹಾಕಿದ್ರು. ಸೋರ್ತಾ ಇರೋದು ನಮ್ಮ ಪುಟ್ಟಿ ಬಿದ್ದ ಜಾಗನೇ ಇರ್ಬೇಕು ಅಂತ ಒಬ್ಬೊಬ್ಬರಿಗೂ ಅನುಮಾನ."

"ನಿಜವಾಗಿ ಯಾರದು?"

"ಗೊತ್ತಿಲ್ಲ. ಅದಕ್ಕೇ ಎಲ್ಲಾರೂ ಹೋಗ್ಯಾರೆ."

ಸಾಹೇಬ್ರು ಮೂಗು ಒರೆಸ್ಕಂಡು ಮತ್ತೆ ಸೂರು ನೋಡಿದ್ರು. ಅಜ್ಜಿ ಬಿಡ್ಲಿಲ್ಲ. "ಮತ್ತೆ ನೀನು ಯಾಕಪ್ಪ ಇಲ್ಲೇ ನಿಂತೀಯಾ? ನಿಂದೂ ಕೈ ಬಿದ್ದಾಯ್ತಲ್ಲ. ಏಣಿ ಹಿಂದುಗಡೆ ಐತೆ." ನನ್ನ ಕಡೆ ತಿರುಗಿ, "ನೀನೂ ಅಷ್ಟೆ" ಅಂದ್ಲು. "ನಾನು ಕೂಲಿಗೆ ಬಂದೋನಜ್ಜಿ" ಅಂದೆ. "ಕೂಲಿ ಕೈನೂ ಕೈಯೇ. ಹತ್ತು."

ಹತ್ತಿದ್ವಿ. ಮೇಲೆ ಹೋಗಿ ನೋಡಿದ್ರೆ ಕಣ್ಣು ತುಂಬಿ ಬಂತು, ಮಳೆ ಇದ್ದದ್ದಕ್ಕೆ ಯಾರಿಗೂ ಗೊತ್ತಾಗ್ಲಿಲ್ಲ. ಅಣ್ಣ ತಮ್ಮ ಕಲ್ಲಪ್ಪನ್ನ ಬಿಟ್ಟು ನೇರವಾಗೇ, "ಇಲ್ಲಿ ಒತ್ತೋ", "ನೀನು ಅತ್ಲಾಗೆ ಒತ್ತಣ್ಣ" ಅಂತ ಬೈದಾಡ್ತಿದ್ರು. ಕುರಿಯೋನು ತನ್ನ ಕಂಬಳಿ ಬಿಚ್ಚಿ ಒಂದು ಮೂಲೆಗೆ ಹಾಸಿದ್ದ. ಹೊಸ ಅಳಿಯಂದ್ರು, ಅತ್ತೆ ಕೂಗಿಕೊಂಡ್ರೂ ಕೇಳ್ದೆ, ಮೊಣಕಾಲೂರಿ ಚೌಳು ತಟ್ತಿದ್ರು. ಹೆಂಗಸರು ಕೆಳಗಿಂದ ಪುಟ್ಟಿ ಏರಿಸ್ತಿದ್ರು. ಆರು ಜನ ಗಟ್ಟಿಗರು ಸಾಕು ಅಂದಿದ್ದ ನಾನು ಅಲ್ಲಿ ಕೈ ಇಡಾಕೆ ಜಾಗ ಹುಡುಕ್ಬೇಕಾಯ್ತು. ಸಾಹೇಬ್ರು ಕೋಟು ಸಮೇತ ಕುಕ್ಕರಗಾಲಲ್ಲಿ ಕುಂತು, ಎಲ್ಲಾರು ತಟ್ಟಿದಂಗೆ ತಾವೂ ತಟ್ಟಿದ್ರು. ಸೋರೋದು ನಿಂತಿತು. ಯಾರ ಪುಟ್ಟಿ ಅಂತ ಕಡೆಗೂ ಗೊತ್ತಾಗ್ಲಿಲ್ಲ.

ಸಾಹೇಬ್ರು ಮಾಳಿಗೆ ಅಂಚಿಗೆ ಬಂದು ಕೆಳಗೆ ಬಗ್ಗಿ ಕೂಗಿದ್ರು: "ಮೇಷ್ಟ್ರೆ, ಟ್ರಂಕು ಕಟ್ಟಿದ್ರೆ ಬಿಚ್ಚಿಬಿಡ್ರಿ."

ಮಾರನೇ ವರ್ಷ ನಾನು ಜವನಗೊಂಡನಹಳ್ಳಿಯಲ್ಲಿ ಒಂದು ಮನೆ ಕಟ್ತಾ ಇದ್ದೆ. ಮುಂಗಾರು ಮೋಡ ಕಂಡಿತು. ಯಾರೂ ಕರೆದಿರ್ಲಿಲ್ಲ, ಕೂಲಿನೂ ಇರ್ಲಿಲ್ಲ. ಕೆಲಸ ನಿಲ್ಲಿಸಿ ಹೊರಟುಬಿಟ್ಟೆ. ಎಷ್ಟೋ ಊರಲ್ಲಿ ಗೋಡೆ ಕಟ್ಟೀನಿ, ಕೂಲಿ ಈಸ್ಕಂಡು ಬಂದೀನಿ, ತಿರುಗಿ ನೋಡಿಲ್ಲ. ಆ ಹಟ್ಟಿಯೋರು ಮಾತ್ರ ನನ್ನನ್ನೂ ಒಂದು ಮನೆ ಅಂತ ಎಣಿಸಿದ್ರು. ಆ ಋಣ ದೊಡ್ಡದು. ಹರಿಯಬ್ಬೆ ದಾಟಿ ಕಾಲುದಾರಿ ಹಿಡಿದ್ರೆ ಮುಂದೆ ಯಾರೋ ಕೊಡೆ ಹಿಡ್ಕಂಡು, ಬೂಟು ಕೈಯಲ್ಲಿ ತಗಂಡು ನಡೀತಾ ಅವ್ರೆ. ನೋಡಿದ್ರೆ ಅದೇ ಸಾಹೇಬ್ರು. ಅವರಿಗೆ ಹೊಸದುರ್ಗಕ್ಕೆ ವರ್ಗ ಆಗಿ ತಿಂಗಳುಗಳೇ ಆಗಿತ್ತು.

"ಏನ್ ಸಾಹೇಬ್ರೆ, ಇನ್ಸ್‌ಪೆಕ್ಷನ್ನಾ?"

"ಛೆ, ಈಗ ಈ ಕಡೆ ನಂದಲ್ಲ. ಸುಮ್ನೆ, ಆ ತೂತು ಹೆಂಗೈತೆ ನೋಡ್ಕಂಡು ಹೋಗಾಣ ಅಂತ" ಅಂದ್ರು. ಸ್ವಲ್ಪ ನಾಚ್ಕಂಡಂಗಿತ್ತು.

ಇಬ್ರೂ ಮಾತಾಡ್ತಾ ಹೋಗಿ ಹಟ್ಟಿ ಮುಟ್ಟೋ ಹೊತ್ತಿಗೆ ತುಂತುರು ಹಿಡಿದಿತ್ತು. ಒಳಗೆ ಮಕ್ಕಳು ಮಗ್ಗಿ ಹೇಳ್ತಿದ್ವು. ಅಜ್ಜಿ ಹೊಸ್ತಿಲ ಮೇಲೆ ಅದೇ ಕೊಪ್ಪೆ ಹೊದ್ಕಂಡು ಕುಂತಿದ್ಲು. ಆಕಾಶ ನೋಡಿದ್ಲು, ನಮ್ಮಿಬ್ಬರನ್ನೂ ನೋಡಿದ್ಲು. ಬಂದ್ರಾ ಅಂತ ಕೇಳ್ಲಿಲ್ಲ, ಚೆನ್ನಾಗಿದೀರಾ ಅಂತಲೂ ಕೇಳ್ಲಿಲ್ಲ.

"ಮಳೆ ಶುರುವಾದ ಮೇಲೆ ಬರೋದೇನ್ರೋ? ಹಟ್ಟಿಯೋರೆಲ್ಲ ಆಗಲೇ ಮೇಲವ್ರೆ. ಏಣಿ ಹಿಂದುಗಡೆ ಐತೆ."